ಕಬ್ಬಿನ ಗಾಣದ ಶಾಫ್ಟಿಗೆ ಬೇರಿಂಗು ಬ್ಲಾಕುಗಳನ್ನು ಆರಿಸಿ ಕೂರಿಸುವ ಕ್ರಮ

ಎತ್ತುಗಳನ್ನು ಕಟ್ಟಿ ತಿರುಗಿಸುತ್ತಿದ್ದ ಗಾಣದ ಉರುಳೆಗಳು ಬಹು ನಿಧಾನವಾಗಿ ಸುತ್ತುತ್ತಿದ್ದುದರಿಂದ, ಅವುಗಳ ಕೊನೆಗಳಿಗೆ ಹಿತ್ತಾಳೆಯ ಬುಷ್ಷೂ ಆಗಾಗ್ಗೆ ನಾಲ್ಕು ತೊಟ್ಟು ಎಣ್ಣೆಯೂ ಸಾಕಾಗುತ್ತಿದ್ದವು. ಇಂಜಿನನ್ನಾಗಲಿ ವಿದ್ಯುತ್ ಮೋಟಾರನ್ನಾಗಲಿ ಇಟ್ಟಲ್ಲಿ ಸ್ಥಿತಿಯೇ ಬೇರೆ. ಬೆಲ್ಟಿನ ಎಳೆತವನ್ನು ಹೊತ್ತು ಹಲ್ಲುಚಕ್ರಗಳಿಗೆ ಬಲವನ್ನೊದಗಿಸುವ ಅಡ್ಡ ಶಾಫ್ಟು ನಿಮಿಷಕ್ಕೆ ನೂರಾರು ಸುತ್ತು ತಿರುಗುವುದು. ಇದರ ಬೇರಿಂಗು ಕಾದು ಹಿಡಿದುಕೊಂಡರೆ ಗಾಣವು ನಿಲ್ಲುವುದು. ಕಡಿದು ತಂದ ಕಬ್ಬಾದರೋ ಕಾಯುವುದಿಲ್ಲ. ದಿನ ಕಳೆದಂತೆ ಅದರ ಸಕ್ಕರೆಯು ಒಡೆದು, ಬೆಲ್ಲವು ಗಟ್ಟಿಕಟ್ಟದೆ ಮೆತ್ತಗಾಗುವುದು. ಬೇರಿಂಗು ಕೆಟ್ಟಿತೆಂದು ಅದನ್ನೇ ಪದೇ ಪದೇ ಬದಲಾಯಿಸುವವರು, ಅದನ್ನು ಹಿಡಿದಿಡುವ ಬೀಡುಕಬ್ಬಿಣದ ಬ್ಲಾಕಿನ ಕಡೆಗೆ ನೋಡುವುದು ಅಪೂರ್ವ. ದೋಷವು ಅನೇಕ ವೇಳೆ ಅಲ್ಲಿಯೇ ಇರುವುದು.

ಮೇಲಿನ ಮುಚ್ಚಳ, ಕೆಳಗಿನ ಪೀಠ ಎಂದು ಎರಡು ಭಾಗವಾಗಿರುವ ಬ್ಲಾಕೇ ಗಾಣಕ್ಕೆ ಅನುಕೂಲ. ಮುಚ್ಚಳವನ್ನು ತೆಗೆದರೆ ಶಾಫ್ಟನ್ನು ನೆಟ್ಟಗೆ ಮೇಲಕ್ಕೆ ಎತ್ತಬಹುದು. ಇವೆರಡು ಭಾಗಗಳನ್ನೂ ಜೋಡಿಸಿಟ್ಟೇ ರಂಧ್ರವನ್ನು ಕೊರೆದಿರುವುದರಿಂದ, ಒಂದರ ಮುಚ್ಚಳವನ್ನು ಇನ್ನೊಂದರ ಪೀಠಕ್ಕೆ ಎಂದಿಗೂ ಹಾಕಕೂಡದು. ಬೆಲ್ಟು ಕೆಳಮುಖವಾಗಿ ಎಳೆಯುವಂತಿದ್ದರೆ ಭಾರವು ಪೀಠದ ಮೇಲೆ ಬೀಳುವುದು, ಅದು ಉತ್ತಮ. ಮೇಲ್ಮುಖವಾಗಿ ಎಳೆದರೆ ಭಾರವೆಲ್ಲವೂ ಮುಚ್ಚಳದ ಬೋಲ್ಟುಗಳಿಗೆ ತಗಲುವುದು. ಒತ್ತಡವನ್ನು ಚೆನ್ನಾಗಿ ತಾಳುವ ಬೀಡುಕಬ್ಬಿಣವು ಎಳೆತಕ್ಕೆ ಸುಲಭವಾಗಿ ಸೀಳುವುದರಿಂದ, ಅಂತಹ ಎಡೆಗೆ ಉಕ್ಕಿನ ಬ್ಲಾಕನ್ನೇ ತರಬೇಕು. ಎಳೆತವು ಪಕ್ಕಕ್ಕಿದ್ದಲ್ಲಿ ಬ್ಲಾಕು ಜರುಗದಂತೆ ಪಾದಕ್ಕೆ ಆನಿಕೆಯನ್ನು ಕೊಡತಕ್ಕದ್ದು.

ಎರೆಮಣ್ಣಿನ ನೆಲದಲ್ಲಿ ಆಲೆಮನೆ ಕಟ್ಟಿರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ, ಇಂದು ಮಟ್ಟವಾಗಿದ್ದ ಬ್ಲಾಕುಗಳು ನಾಳೆ ಓರೆಯಾಗುವುವು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ಜೇಡಿನೆಲದ ಮೇಲಿದ್ದ ಬಟ್ಟೆ ಗಿರಣಿಯೊಂದಕ್ಕೆ ಇದೇ ತೊಂದರೆಯಿತ್ತು. ಅಲ್ಲಿಯ ಇಂಜಿನಿಯರಾದ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬವನು 1907ರಲ್ಲಿ, ಶಾಫ್ಟು ಸ್ವಲ್ಪ ಓರೆಯಾದರೂ ತಾನಾಗಿ ಹೊಂದಿಕೊಳ್ಳುವ ಎರಡು ಸಾಲು ಗುಂಡುಗಳ ಬೇರಿಂಗನ್ನು ಕಂಡುಹಿಡಿದನು. ಎರೆನೆಲಕ್ಕೆ ಇದೇ ತಕ್ಕುದು. ಹಾಗೆಂದು ಓರೆಯಾಗಿಯೇ ಕೂರಿಸಬಹುದೆಂದಲ್ಲ.

ಕೊಳ್ಳುವಾಗ ಅಳತೆಯಲ್ಲಿ ತಪ್ಪುವುದುಂಟು. ಬೇರಿಂಗಿನ ಮೇಲೆ 1210 ಎಂದಿದ್ದರೆ, ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಲು ಬರುವ 50 ಮಿಲಿಮೀಟರು ಅದರ ರಂಧ್ರದ ವ್ಯಾಸ. ಆದರೆ ಇಳಿಜಾರಿನ ತೋಳನ್ನು ತೊಡಿಸಿ ನಟ್ಟಿನಿಂದ ಬಿಗಿಯುವ ಬಗೆಯಲ್ಲಿ ಇದೇ ಬೇರಿಂಗಿಗೆ 45 ಮಿಲಿಮೀಟರಿನ ಶಾಫ್ಟು ಸೇರುವುದು. ಬೇರಿಂಗು, ತೋಳು, ಬ್ಲಾಕು ಮೂರರ ಸಂಖ್ಯೆಗಳನ್ನೂ ಬರೆದುಕೊಂಡು ಹೋಗತಕ್ಕದ್ದು.

ಬ್ಲಾಕು ಕೂರುವ ಎಡೆಯು ಸಮತಟ್ಟಾಗಿರಬೇಕು. ತಗ್ಗಿದ್ದರೆ ಪಾದದ ಪೂರ್ತಿ ಅಗಲಕ್ಕೂ ಲೋಹದ ತಗಡನ್ನು ಕೊಡಬೇಕೇ ಹೊರತು ಮರದ ಚಕ್ಕೆಯನ್ನು ತುರುಕಕೂಡದು. ಚಕ್ಕೆಯ ಮೇಲೆ ಬೋಲ್ಟು ಬಿಗಿದರೆ ಪೀಠವು ತಿರುಚಿ, ದುಂಡಾದ ರಂಧ್ರವು ಮೊಟ್ಟೆಯಾಕಾರವಾಗಿ, ಬೇರಿಂಗನ್ನು ಅದುಮುವುದು. ದಾರವನ್ನೂ ರಸಮಟ್ಟವನ್ನೂ ಹಿಡಿದು ಎರಡು ಬ್ಲಾಕುಗಳನ್ನೂ ಒಂದೇ ನೇರಕ್ಕೆ ತಂದು, ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಎರಡು ಬ್ಲಾಕುಗಳಲ್ಲಿ ಒಂದರಲ್ಲಿ ಮಾತ್ರ, ಎಂದರೆ ಹಲ್ಲುಚಕ್ರದ ಕಡೆಯದರಲ್ಲಿ, ಬೇರಿಂಗಿನ ಎರಡು ಪಕ್ಕಕ್ಕೂ ತಡೆಬಳೆಗಳನ್ನು ಹಾಕಿ ಬಂಧಿಸಬೇಕು. ಇನ್ನೊಂದರಲ್ಲಿ ಬೇರಿಂಗು ಅತ್ತಿತ್ತ ಸರಿಯುವಂತಿರಲಿ. ಹತ್ತಡಿಯ ಉಕ್ಕಿನ ಶಾಫ್ಟು 30 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಸುಮಾರು ಒಂದು ಮಿಲಿಮೀಟರು ಬೆಳೆಯುವುದು. ಎರಡು ಕಡೆಯೂ ಬಂಧಿಸಿದ್ದರೆ ಆ ಬೆಳವಣಿಗೆಯೇ ಬೇರಿಂಗುಗಳನ್ನು ನುರಿಸುವುದು.

ಗ್ರೀಸು ಹೆಚ್ಚಾದಷ್ಟೂ ಒಳ್ಳೆಯದೆಂಬುದು ಬಹು ಜನರ ನಂಬಿಕೆ. ಬ್ಲಾಕಿನ ಒಳಗಿನ ಬರಿದು ಜಾಗದಲ್ಲಿ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ಪೂರ್ತಿ ತುಂಬಿದ ಗ್ರೀಸು ಕಡೆದಂತಾಗಿ ತಾನೇ ಬಿಸಿಯನ್ನು ಹುಟ್ಟಿಸುವುದು. ಕಬ್ಬಿನ ಹಾಲು ಒಳಕ್ಕೆ ಇಳಿದರೆ ಹುಳಿತು ತುಕ್ಕನ್ನೆಬ್ಬಿಸುವುದರಿಂದ, ಪಕ್ಕದ ಫೆಲ್ಟಿನ ಬಳೆಗಳನ್ನು ಎಣ್ಣೆಯಲ್ಲಿ ನೆನೆಸಿ ಹಾಕಿ, ಮೇಲೊಂದು ತಗಡಿನ ಮರೆಯನ್ನು ಕಟ್ಟುವುದು ಉಚಿತ.

ಮೊದಲ ಅರ್ಧ ಗಂಟೆ ಕಬ್ಬನ್ನು ಕೊಡದೆ ಬರಿದೇ ಓಡಿಸಬೇಕು. ಹೊಸ ಗ್ರೀಸು ಹರಡುವವರೆಗೆ ಬ್ಲಾಕು ಸ್ವಲ್ಪ ಬಿಸಿಯಾಗಿ ಬಳಿಕ ತಣಿಯುವುದು ಸಹಜ. ಇಂಜಿನನ್ನು ನಿಲ್ಲಿಸಿದ ಮೇಲೆ ಬ್ಲಾಕಿನ ಮೇಲಿಟ್ಟ ಅಂಗೈಯನ್ನು ಒಡನೆ ಹಿಂತೆಗೆಯಬೇಕಾಗುವಷ್ಟು ಶಾಖವಿದ್ದರೆ, ಮುಚ್ಚಳವನ್ನು ತೆಗೆದು ಮೊದಲು ಗ್ರೀಸಿನ ಪ್ರಮಾಣವನ್ನೂ ಅನಂತರ ಪಾದದ ಕೆಳಗಣ ತಗಡುಗಳನ್ನೂ ಪರೀಕ್ಷಿಸತಕ್ಕದ್ದು.