ಹತ್ತೂ ಇಪ್ಪತ್ತಕ್ಕೆ ಬಂದವರ ಸಮಜಾಯಿಷಿ

ಮೇಲಧಿಕಾರಿ ಕೇಳಿದ ‘ಯಾಕೆ’ಗೆ ಕೈಕೆಳಗಿನವರು ಬರೆದುಕೊಡುವ ಉತ್ತರವೇ ಸಮಜಾಯಿಷಿ. ‘ಸಮಝ್’ ಎಂಬ ಹಿಂದುಸ್ತಾನಿ ಮೂಲದ ಈ ಮಾತಿಗೆ ತಿಳಿಯಹೇಳುವುದು ಎಂಬ ಸೌಮ್ಯ ಅರ್ಥವಿದೆ. ಕರ್ನಾಟಕದ ಕಚೇರಿಗಳಲ್ಲಿ ಮಾತ್ರ ಇದು ಕಿವಿಗೆ ಬಿದ್ದೊಡನೆ ಎದೆ ಧಸಕ್ಕೆನ್ನುತ್ತದೆ. ತಡವಾಗಿ ಬಂದವರಿಗೆ ಮೊದಲು ಎದುರಾಗುವುದು ಬಾಗಿಲಲ್ಲೇ ‘ಯಾಕ್ರೀ, ಇವತ್ತೂ ಲೇಟಾ?’ ಎಂಬ ಪ್ರಶ್ನೆ. ಆಮೇಲೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ, ಕೊನೆಗೆ ಮೆಮೊ. ಬಾಗಿಲ ಪ್ರಶ್ನೆಗೆ ಒಂದು ವಾಕ್ಯ ಸಾಕು. ಅಲ್ಲಿ ಉದ್ದುದ್ದ ಕಥೆ ಹೇಳಿದಷ್ಟೂ ಅನುಮಾನ ಬೆಳೆಯುತ್ತದೆ. ಮೆಮೊಗೆ ಕೊಟ್ಟ ಉತ್ತರ ಕಡತ ಸೇರುತ್ತದೆ. ಬರೆದವರು ವರ್ಗವಾಗಿ ಹೋದ ಮೇಲೂ ಅಲ್ಲೇ ಕೂತಿರುತ್ತದೆ.

ತಡವನ್ನು ನಿಮಿಷದ ಲೆಕ್ಕದಲ್ಲಿ ಹಿಡಿಯುವ ಗಡಿಯಾರವನ್ನು 1888ರಲ್ಲಿ ರೂಪಿಸಿದವನು ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿ. ಬಂಡಿ ತಪ್ಪಿಸಿಕೊಂಡವರ ಲೆಕ್ಕವಿಟ್ಟವನ ಹೆಸರೂ ಬಂಡಿಯೇ ಎಂಬುದು ಕನ್ನಡದಲ್ಲಿ ಮಾತ್ರ ದಕ್ಕುವ ತಮಾಷೆ. ತಮ್ಮ ಹಾರ್ಲೊ ಮರುವರ್ಷವೇ ಇದಕ್ಕೆಂದು ಕಂಪನಿ ಕಟ್ಟಿದ. 1911ರ ವಿಲೀನದಲ್ಲಿ ಆ ವ್ಯವಹಾರ ದೊಡ್ಡ ಸಂಸ್ಥೆಯೊಂದರ ಪಾಲಾಯಿತು. 1924ರಲ್ಲಿ ಅದು ಐಬಿಎಂ ಎಂದು ಹೆಸರು ಬದಲಿಸಿಕೊಂಡಿತು. ಈಗಿನ ಬೆರಳಚ್ಚು ಯಂತ್ರ ಮಾಡುವುದೂ ಬಂಡಿಯ ಗಡಿಯಾರದ ಕೆಲಸವನ್ನೇ: ಎಷ್ಟು ಹೊತ್ತಿಗೆ ಬಂದರು ಎನ್ನುತ್ತದೆ, ಯಾಕೆ ಎನ್ನುವುದಿಲ್ಲ.

‘ಯಾಕೆ’ಯನ್ನು ಕೇಳಲೇಬೇಕು ಎಂದಿರುವುದು ಕಾನೂನು. 1936ರ ವೇತನ ಪಾವತಿ ಕಾಯ್ದೆ ತಡಕ್ಕೆ ಸಂಬಂಧಿಸಿದಂತೆ ಎರಡು ಬಗೆಯ ಕಡಿತಗಳನ್ನು ಬೇರ್ಪಡಿಸಿತು. ಗೈರಾದ ಹೊತ್ತಿಗೆ ಸಂಬಳ ಹಿಡಿಯುವುದಾದರೆ ಆ ಹೊತ್ತಿಗೆ ತಕ್ಕಷ್ಟನ್ನು ಮಾತ್ರ ಹಿಡಿಯಬೇಕು. ದಂಡ ಹಾಕುವುದಾದರೆ ನೌಕರರಿಗೆ ಕಾರಣ ಹೇಳಲು ಅವಕಾಶ ಕೊಡಬೇಕು, ಮೊತ್ತ ಆ ಅವಧಿಯ ವೇತನದ ಶೇ 3 ಮೀರಬಾರದು. ವಸೂಲಾದ ದಂಡವನ್ನು ನೌಕರರ ಹಿತಕ್ಕೇ ಬಳಸಬೇಕು ಎಂಬ ನಿಯಮವೂ ಅಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಆ ಶೇ 3ರ ಮಿತಿ ಉಳಿದಿದೆ. ಕೇಂದ್ರ ಸರ್ಕಾರಿ ಕಚೇರಿಗಳ ಲೆಕ್ಕ ರಜೆಯದು: ತಡವಾದ ಒಂದೊಂದು ದಿನಕ್ಕೂ ಅರ್ಧ ದಿನದ ಸಾಂದರ್ಭಿಕ ರಜೆ ಕಡಿತ, ಒಂದು ಗಂಟೆಯೊಳಗಿನ ತಡವನ್ನು, ಕಾರಣ ಒಪ್ಪುವಂತಿದ್ದರೆ, ತಿಂಗಳಿಗೆ ಎರಡು ಸಲ ಮನ್ನಿಸಬಹುದು.

ಕೆಲಸಕ್ಕೇ ಸಂಚಕಾರ ತರಬಲ್ಲ ಮಾತು ಇರುವುದು ಬೇರೆ ಕಡೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕಾರ್ಖಾನೆಗಳಿಗೆಂದು ರೂಪಿಸಿದ ಮಾದರಿ ಆದೇಶಗಳು ದುರ್ನಡತೆಯ ಪಟ್ಟಿಯಲ್ಲಿ ತಡವನ್ನೂ ಸೇರಿಸಿದವು. ಬರಿಯ ತಡವನ್ನಲ್ಲ, ‘ರೂಢಿಯಾದ’ ತಡವನ್ನು. ಎಷ್ಟು ಸಲವಾದರೆ ರೂಢಿ ಎಂದು ಅಲ್ಲಿ ಹೇಳಿಲ್ಲ. ಹಾಗಾಗಿ ಸಮಜಾಯಿಷಿಯ ಹೋರಾಟವೆಲ್ಲ ಆ ಒಂದು ಪದದ ಸುತ್ತಲೇ. ನೌಕರರು ಸೋಲುವುದೂ ಅಲ್ಲೇ, ಅದೂ ತಮ್ಮದೇ ಕೈಬರಹದಿಂದ. ‘ದಿನಾ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ ಸರ್’ ಎಂದು ಬರೆದವರು ಕಾರಣ ಕೊಟ್ಟೆವೆಂದು ನಂಬಿರುತ್ತಾರೆ. ಓದುವವರಿಗೆ ಕಾಣುವುದು ‘ದಿನಾ’ ಮಾತ್ರ. ರೂಢಿ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕುವ ಶ್ರಮ ತಪ್ಪಿತು.

ಬೆಂಗಳೂರಿನ ಟ್ರಾಫಿಕ್ ಎಂಬ ಕಾರಣ ದುರ್ಬಲವಾಗಿರುವುದೂ ಇದರಿಂದಲೇ. ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದ ಪ್ರಕಾರ ನಗರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಈ ಅಂಕಿ ಮ್ಯಾನೇಜರ್ ಪರವಾಗಿಯೇ ವಾದಿಸುತ್ತದೆ: ಗೊತ್ತಿದ್ದ ಮೇಲೆ ಬೇಗ ಹೊರಡಬಾರದಿತ್ತೆ? ಸರಾಸರಿಗಿಂತ ಆ ದಿನ ಬೇರೆ ಏನಾಯಿತು ಎಂಬುದಷ್ಟೇ ಕಾರಣವಾಗಬಲ್ಲದು. ಕೆಟ್ಟು ನಿಂತ ಲಾರಿ, ನೀರು ತುಂಬಿದ ಅಂಡರ್‌ಪಾಸ್, ನಡುದಾರಿಯಲ್ಲಿ ನಿಂತ ಮೆಟ್ರೊ.

ಈ ‘ಆ ದಿನ’ವನ್ನು ರುಜುವಾತು ಮಾಡುವ ಅತಿ ಸೊಗಸಾದ ಕಾಗದ ಇರುವುದು ಜಪಾನಿನಲ್ಲಿ. ‘ಚಿಯೆನ್ ಶೋಮೇಯ್‌ಶೋ’, ಅಂದರೆ ವಿಳಂಬ ಪ್ರಮಾಣಪತ್ರ. ಸಾಮಾನ್ಯವಾಗಿ ರೈಲು ಐದು ನಿಮಿಷವೋ ಅದಕ್ಕಿಂತ ಹೆಚ್ಚೋ ತಡವಾದರೆ ನಿಲ್ದಾಣದ ಸಿಬ್ಬಂದಿ ಹೊರಬಾಗಿಲಲ್ಲಿ ನಿಂತು ಈ ಪುಟ್ಟ ಚೀಟಿ ಹಂಚುತ್ತಾರೆ. ಹಳೆಯ ಮಾದರಿಯ ಚೀಟಿಯ ಅಂಚಿನಲ್ಲಿ ತಾರೀಖು, ತಡವಾದ ನಿಮಿಷಗಳು ಸಾಲಾಗಿ ಅಚ್ಚಾಗಿದ್ದು, ಆ ದಿನಕ್ಕೆ ತಕ್ಕ ಕಡೆ ಗುರುತು ಬೀಳುತ್ತದೆ. ನೌಕರರು ಅದನ್ನು ಮೇಜಿನ ಮೇಲಿಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯುವುದು ವಾಡಿಕೆ. ಈಗ ರೈಲು ಕಂಪನಿಗಳ ಜಾಲತಾಣದಲ್ಲೇ ಮುದ್ರಿಸಿಕೊಳ್ಳಬಹುದು. 2017ರ ನವೆಂಬರ್ 14ರಂದು ತ್ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು ಮಿನಾಮಿ ನಾಗರೆಯಾಮಾ ನಿಲ್ದಾಣದಿಂದ 20 ಸೆಕೆಂಡ್ ಮೊದಲೇ ಹೊರಟಿತೆಂದು ಕ್ಷಮೆ ಕೋರಿದ ನಾಡು ಅದು. ಚೀಟಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೋಹ ತುಸು ಇಳಿದ ಮೇಲೆ ಹೊಳೆಯುವ ಕೊರತೆಯೊಂದಿದೆ: ಚೀಟಿಯ ಮೇಲೆ ಪ್ರಯಾಣಿಕರ ಹೆಸರಿಲ್ಲ. ರೈಲು ತಡವಾದದ್ದಕ್ಕೆ ಅದು ಸಾಕ್ಷಿ. ಹೊದ್ದು ಮಲಗಿದ್ದವರು ಆ ರೈಲಿನಲ್ಲಿದ್ದರು ಎಂಬುದಕ್ಕಲ್ಲ.

ಬಿಎಂಟಿಸಿಯ ಯಂತ್ರದ ಟಿಕೆಟ್‌ದು ಇದರ ತಿರುವುಮುರುವು. ಟಿಕೆಟ್ ಕೊಟ್ಟ ಹೊತ್ತು ಅದರ ಮೇಲೆ ಅಚ್ಚಾಗಿರುತ್ತದೆ, ಬಸ್ ಮುಟ್ಟಿದ ಹೊತ್ತಲ್ಲ. ಆದರೂ ಬೆರಳಚ್ಚು ಯಂತ್ರದ ಸಮಯದ ಪಕ್ಕದಲ್ಲಿ ಇಟ್ಟರೆ ದಾರಿಯಲ್ಲಿ ಕಳೆದ ಕಾಲ ತಾನಾಗಿ ಕಾಣುತ್ತದೆ. ಇಳಿದೊಡನೆ ಮುದುರಿ ಎಸೆಯುವ ಆ ತುಂಡಿಗೆ ಇಷ್ಟು ಬೆಲೆಯಿರುವುದು ಮೆಮೊ ಕೈಗೆ ಬಂದ ಮೇಲೆ ನೆನಪಾಗುತ್ತದೆ.

ಉತ್ತರದ ಒಕ್ಕಣೆಗೆ ಒಂದು ಪುಟ ಧಾರಾಳ. ಮೆಮೊದ ಸಂಖ್ಯೆ, ದಿನಾಂಕ. ಅದರಲ್ಲಿ ಕಾಣಿಸಿದ ದಿನಗಳು ಸರಿಯೇ ಎಂಬ ಪರಿಶೀಲನೆ, ಏಕೆಂದರೆ ಹೊರಗಿನ ಕೆಲಸಕ್ಕೆ ಕಳಿಸಿದ ದಿನವನ್ನೂ ಯಂತ್ರ ತಡವೆಂದೇ ಎಣಿಸಿರಬಹುದು. ಆಮೇಲೆ ದಿನಕ್ಕೊಂದರಂತೆ ನಿಜವಾದ ಕಾರಣ, ಇದ್ದರೆ ಕಾಗದ. ಮುಂಚಿತವಾಗಿ ಫೋನ್ ಮಾಡಿದ್ದರೆ ಯಾರಿಗೆ, ಎಷ್ಟು ಹೊತ್ತಿಗೆ ಎಂಬುದು. ಕಾರಣವಿಲ್ಲದ ದಿನಕ್ಕೆ ತಪ್ಪಾಯಿತು ಎಂದಷ್ಟೇ ಬರೆಯುವುದು ಲೇಸು. ಸತ್ತ ಅಜ್ಜಿಯನ್ನು ಮತ್ತೆ ಸಾಯಿಸಿದರೆ ತಡಕ್ಕೆ ಸುಳ್ಳಿನ ಆರೋಪವೂ ಸೇರುತ್ತದೆ. ‘ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ’ ಎಂಬ ಮಾಮೂಲಿ ಸಾಲು ಮೊದಲ ಸಲ ಕೆಲಸಕ್ಕೆ ಬರುತ್ತದೆ. ಮೂರನೆಯ ಸಲಕ್ಕೆ ಹಿಂದಿನೆರಡು ಪತ್ರಗಳೇ ಎದುರು ನಿಲ್ಲುತ್ತವೆ. ಮಗುವಿನ ಶಾಲೆಯೋ ಡಯಾಲಿಸಿಸ್ಸೋ ದಿನವೂ ತಡೆಯುವಂತಿದ್ದರೆ ಕ್ಷಮೆ ಬೇಡುವುದಕ್ಕಿಂತ ಪಾಳಿ ಬದಲಿಸಿಕೊಡಲು ಬೇರೆಯೇ ಅರ್ಜಿ ಹಾಕುವುದು ಸರಿಯಾದ ದಾರಿ.

ಉತ್ತರ ಒಪ್ಪಿಗೆಯಾದರೆ ಮೆಮೊ ಅಲ್ಲಿಗೆ ಮುಕ್ತಾಯ. ಇಲ್ಲವಾದರೆ ಎಚ್ಚರಿಕೆ, ಅದೂ ಮೀರಿದರೆ ವಿಚಾರಣೆ. ಶಿಕ್ಷೆ ಗೊತ್ತುಮಾಡುವಾಗ ನೌಕರರ ಹಿಂದಿನ ದಾಖಲೆಯನ್ನು ಗಮನಿಸಬೇಕೆಂದು ಮಾದರಿ ಆದೇಶಗಳೇ ಹೇಳಿವೆ. ಆದ್ದರಿಂದ ಸಮಜಾಯಿಷಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ತಾರೀಖು ಹಾಕಿಸಿಕೊಂಡು ಮನೆಯಲ್ಲಿಡಬೇಕು. ಮೆಮೊದಲ್ಲಿ ಕೊಟ್ಟ ಗಡುವಿನೊಳಗೇ ಆ ಮೊಹರು ಬಿದ್ದಿರಬೇಕು. ತಡದ ಸಮಜಾಯಿಷಿಯೇ ತಡವಾಯಿತೆಂದು ಇನ್ನೊಂದು ಮೆಮೊ ಕೈಸೇರುವುದು ಕಚೇರಿಗಳಲ್ಲಿ ಅಪರೂಪವೇನಲ್ಲ.