ಮನಸ್ಸಿನ ಮಂಡಿಗೆ, ಕಡಾಯಿ ಮೇಲಿನ ಮಂಡಿಗೆ

"ಮನಸ್ಸಿನ್ಯಾಗ ಮಂಡಿಗಿ ತಿನ್ನಬ್ಯಾಡೋ ತಮ್ಮಾ, ಮೊದಲ ಓದು."

ಈ ಮಾತನ್ನ ನಮ್ಮ ಅಜ್ಜಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕ ಇಲ್ಲ. ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿ ನಮ್ಮ ಅಮ್ಮನ ತವರು. ರಜೆಗೆ ಹೋದಾಗಲೆಲ್ಲ ನಾನು ಕಟ್ಟೆ ಮೇಲೆ ಕೂತು "ಸ್ಟಾರ್ಟಪ್ ಮಾಡ್ತೀನಿ, ಡ್ರೋನ್ ಮಾಡ್ತೀನಿ" ಅಂತ ಹೇಳೋದು, ಅಜ್ಜಿ ಶೇಂಗಾ ಸುಲಿಯುತ್ತಾ ಈ ಮಾತು ಹೇಳೋದು. ಬರೀ ಕನಸು ಕಾಣಬೇಡ ಅನ್ನೋ ಅರ್ಥ ಗೊತ್ತಿತ್ತು. ಆದರೆ ಮಂಡಿಗೆ ಅಂದರೇನು ಅಂತ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಅದು ಕಾಲಿನ ಮಂಡಿಗೆ ಸಂಬಂಧಪಟ್ಟಿದ್ದು ಅಂದುಕೊಂಡಿದ್ದೆ. ನಗಬೇಡಿ, ನಾನು ಇಂಗ್ಲಿಷ್ ಮೀಡಿಯಂ.

ಈ ಸಲ ಮೇ ಕೊನೆಯಲ್ಲಿ ಕ್ಲಾಸ್‌ಮೇಟ್ ಒಬ್ಬನ ಅಕ್ಕನ ಮದುವೆಗೆ ಅಂತ ಬೆಳಗಾವಿಗೆ ಹೋಗಿದ್ದೆವು. ಮದುವೆಗೆ ಎರಡು ದಿನ ಮೊದಲು ಅವನು "ಪಕ್ಕದ ಮನೇಲಿ ಮಂಡಿಗೆ ಮಾಡ್ತಿದ್ದಾರೆ, ನೋಡೋಣ ಬಾ" ಅಂದ. ಅಂದರೆ ಅದು ನಿಜವಾಗಲೂ ತಿನ್ನೋ ವಸ್ತು! ಅವತ್ತು ನೋಡಿದ್ದನ್ನ, ಅದರ ಹಿಂದಿನ ಕಾರಣಗಳನ್ನ ನಿಮಗೆ ಹೇಳೋಣ ಅಂತ ಈ ಲೇಖನ.

ಏನಿದು ಮಂಡಿಗೆ?

ಒಂದು ಹೋಳಿಗೆಯನ್ನ ಊಹಿಸಿಕೊಳ್ಳಿ. ಅದನ್ನ ಕರ್ಚೀಫಿನಷ್ಟಲ್ಲ, ಟವೆಲ್ಲಿನಷ್ಟು ಅಗಲ ಮಾಡಿ, ಬೆಳಕು ಕಾಣುವಷ್ಟು ತೆಳ್ಳಗೆ ಎಳೆದು, ಸುಟ್ಟು, ಬಟ್ಟೆ ಮಡಚಿದ ಹಾಗೆ ಮಡಚಿಟ್ಟರೆ ಅದೇ ಮಂಡಿಗೆ. ಆರಿದ ಮೇಲೆ ಗರಿಗರಿ. ಒಳಗೆ ಸಕ್ಕರೆ, ತುಪ್ಪ, ಏಲಕ್ಕಿ. ಕೆಲವರು ಖೋವಾ, ಗಸಗಸೆ ಕೂಡ ಹಾಕ್ತಾರೆ. ಬೆಳಗಾವಿ ಕಡೆ ಮದುವೆ ಮನೆಗಳಲ್ಲಿ ಇದಕ್ಕೆ ದೊಡ್ಡ ಮರ್ಯಾದೆ. ಮರಾಠಿಯಲ್ಲಿ ಇದನ್ನೇ ಮಾಂಡೆ ಅಂತಾರೆ.

ಇದು ಇವತ್ತಿನ ತಿಂಡಿಯೂ ಅಲ್ಲ. ಕಲ್ಯಾಣದ ಚಾಲುಕ್ಯರ ರಾಜ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ಅದರ ಅಡುಗೆಯ ಭಾಗದಲ್ಲಿ ಗೋಧಿಯ 'ಮಂಡಕ' ಬರುತ್ತದೆ. ನಮ್ಮ ಮಂಡಿಗೆಯ ಹೆಸರಿಗೆ ಮೂಲ ಅದೇ. ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ ರಾಜನಿಗೆ ಬಡಿಸುತ್ತಿದ್ದ ತಿಂಡಿಯ ವಂಶದ್ದು ನಮ್ಮ ಅಜ್ಜಿಯ ಬೈಗುಳದಲ್ಲಿ ಉಳಿದುಕೊಂಡಿದೆ.

ಕಣಕ ಕಾಯಬೇಕು

ಹಿತ್ತಲಿನ ಶೆಡ್‌ನಲ್ಲಿ ಕಟ್ಟಿಗೆ ಒಲೆ. ಮಂಡಿಗೆ ಮಾಡುವವರನ್ನ ಎಲ್ಲರೂ ಕಾಕು ಅಂತಿದ್ದರು, ನಾವೂ ಹಾಗೇ ಕರೆದೆವು. ನಾವು ಹೋದಾಗ ಹಿಟ್ಟು ನಾದಿ ಎರಡು ತಾಸಾಗಿತ್ತು. ಹೋಳಿಗೆ, ಮಂಡಿಗೆಗಳ ಹೊರಗಿನ ಹಿಟ್ಟಿಗೆ ಕಣಕ ಅಂತ ಹೆಸರು. ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು.

"ಈಗ ಮಾಡಬಹುದಲ್ಲ ಕಾಕು?" ಅಂತ ಕೇಳಿದೆ. ಅವರು ಒಂದು ಚೂರು ಕಿತ್ತು ಎಳೆದು ತೋರಿಸಿದರು. ರಬ್ಬರ್ ಥರ ಹಿಂದಕ್ಕೆ ಬಂತು. "ಇನ್ನೂ ಸಿಟ್ಟಿನ್ಯಾಗ ಅದ. ಸಿಟ್ಟು ಇಳೀಲಿ."

ಸಿಟ್ಟು ಅಂದರೆ ಏನು ಗೊತ್ತಾ? ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರಲ್ಲಿರುವ ಗ್ಲೂಟೆನಿನ್, ಗ್ಲಯಡಿನ್ ಅನ್ನೋ ಎರಡು ಪ್ರೋಟೀನ್ ಸೇರಿ ಗ್ಲುಟನ್ ಅನ್ನೋ ಬಲೆ ಆಗುತ್ತದೆ. ಗ್ಲೂಟೆನಿನ್ ಸ್ಪ್ರಿಂಗ್ ಥರ ಹಿಂದಕ್ಕೆ ಎಳೆಯುತ್ತದೆ, ಗ್ಲಯಡಿನ್ ಜಾರಲು ಬಿಡುತ್ತದೆ. ಆಗಷ್ಟೇ ನಾದಿದ ಹಿಟ್ಟಿನಲ್ಲಿ ಬಲೆ ಬಿಗಿಯಾಗಿರುತ್ತದೆ. ಸುಮ್ಮನೆ ಬಿಟ್ಟರೆ ಒಳಗಿನ ಒತ್ತಡ ನಿಧಾನಕ್ಕೆ ಇಳಿಯುತ್ತದೆ. ನಾವು ಸ್ಟ್ರೆಸ್ ರಿಲ್ಯಾಕ್ಸೇಶನ್ ಅಂತ ಗ್ರಾಫ್ ಬರೀತೀವಲ್ಲ, ಅದೇ. ಕಾಕು ಗ್ರಾಫ್ ಬರೆಯಲ್ಲ, ಎಳೆದು ನೋಡ್ತಾರೆ.

ಇನ್ನೊಂದು ಗಮನಿಸಿದೆ. ಹೂರಣದ ಸಕ್ಕರೆಯನ್ನ ಪುಡಿ ಮಾಡಿ ಎರಡು ಸಲ ಜರಡಿ ಹಿಡಿದರು. ಒಂದೇ ಒಂದು ದಪ್ಪ ಹರಳು ಉಳಿದರೂ ಎಳೆಯುವಾಗ ಅಲ್ಲಿಂದಲೇ ತೂತು ಬೀಳುತ್ತಂತೆ. ಪ್ಲೇಟಿನಲ್ಲಿ ಸಣ್ಣ ದೋಷ ಇದ್ದರೆ ಒತ್ತಡ ಅಲ್ಲೇ ಸೇರಿಕೊಂಡು ಬಿರುಕು ಬಿಡುತ್ತದೆ ಅಂತ ನಮಗೆ ಪಾಠ ಮಾಡಿದ್ದರು. ಇಂಟರ್ನಲ್ಸ್‌ನಲ್ಲಿ ಆ ಪ್ರಶ್ನೆ ಬಿಟ್ಟು ಬಂದಿದ್ದೆ. ನನಗೆ ಬಂದಿದ್ದು 50ಕ್ಕೆ 19. ಆ ಜರಡಿ ಮೊದಲೇ ನೋಡಿದ್ದರೆ ಪಾಸಾಗುತ್ತಿದ್ದೆನೇನೋ.

ಉಂಡೆಯಿಂದ ಹಾಳೆ

ಹೂರಣ ತುಂಬಿದ ಉಂಡೆಯನ್ನ ಕಾಕು ಮೊದಲು ಮಣೆ ಮೇಲೆ ಲಟ್ಟಿಸಿದರು. ಇಲ್ಲಿವರೆಗೆ ಹೋಳಿಗೆ. ಆಮೇಲೆ ಅದನ್ನ ಎತ್ತಿ ಎರಡೂ ಕೈ ಮೇಲೆ ಹಾಕಿಕೊಂಡು ತಿರುಗಿಸೋಕೆ ಶುರು ಮಾಡಿದರು. ಬೆರಳಿನಿಂದ ಎಳೆಯೋದೇ ಇಲ್ಲ. ಬೆರಳ ತುದಿ ತಾಗಿದರೆ ಹರಿಯುತ್ತದೆ. ಮುಷ್ಟಿಯ ಹಿಂಭಾಗದ ಮೇಲೆ, ಮುಂಗೈ ಮೇಲೆ ಅದು ಇಳಿಬಿದ್ದು ತನ್ನ ಭಾರಕ್ಕೆ ತಾನೇ ಅಗಲ ಆಗುತ್ತಾ ಹೋಗುತ್ತದೆ. ಅಂಚು ದಪ್ಪ ಇರೋದರಿಂದ ಅಲ್ಲಿ ಭಾರ ಜಾಸ್ತಿ, ಅದು ಕೆಳಗೆ ಎಳೆಯುತ್ತದೆ. ನಡು ತೆಳ್ಳಗಾಗೋ ಹೊತ್ತಿಗೆ ಕಾಕು ಕೈಗಳನ್ನ ಹೊರಗೆ ಸರಿಸಿ ಅಂಚಿನ ಕಡೆ ಹೋಗ್ತಾರೆ. ಇಡೀ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಎಷ್ಟು ತೆಳ್ಳಗಾಯ್ತು? ಸ್ಕೇಲ್ ಇರಲಿಲ್ಲ, ಅಂದಾಜಿನ ಲೆಕ್ಕ ಮಾಡೋಣ. ಉಂಡೆ 6 ಸೆಂಟಿಮೀಟರ್ ವ್ಯಾಸದ್ದು ಅಂದುಕೊಳ್ಳಿ. ಘನಗಾತ್ರ ಸುಮಾರು 113 ಘನ ಸೆಂಟಿಮೀಟರ್. ಅದನ್ನ 60 ಸೆಂಟಿಮೀಟರ್ ವ್ಯಾಸದ ವೃತ್ತ ಮಾಡಿದರೆ ವಿಸ್ತೀರ್ಣ ಸುಮಾರು 2,827 ಚದರ ಸೆಂಟಿಮೀಟರ್. ಭಾಗಿಸಿದರೆ ದಪ್ಪ 0.4 ಮಿಲಿಮೀಟರ್. ಅಂದರೆ ನಮ್ಮ ಅಸೈನ್‌ಮೆಂಟಿನ ನಾಲ್ಕು ಹಾಳೆ ಜೋಡಿಸಿದಷ್ಟು. ಅಷ್ಟರೊಳಗೆ ಎರಡು ಪದರ ಕಣಕ, ನಡುವೆ ಒಂದು ಪದರ ಹೂರಣ!

"ನಾನೂ ಮಾಡಲಾ?" ಅಂದೆ. ಕೊಟ್ಟರು. ಮೊದಲನೇದು ಹೆಬ್ಬೆರಳು ತಾಗಿ ಹರಿಯಿತು. ಎರಡನೇದು ನಡುವಲ್ಲಿ ತೂತಾಗಿ ಮೊಣಕೈಗೆ ಬಳೆ ಥರ ಇಳೀತು. ಮೂರನೇದು ನೆಲಕ್ಕೆ. ಗೆಳೆಯ ವಿಡಿಯೋ ಮಾಡ್ತಾ ನಗ್ತಿದ್ದ. ಕಾಕು ನಗಲಿಲ್ಲ. "ನಾ ಒಂದು ವರ್ಷ ದಿನಾ ಹರೀತಿದ್ದೆ. ಹರಿದದ್ದನ್ನ ಚಹಾದ ಜೋಡಿ ತಿಂದ ಕಲತೀನಿ" ಅಂದರು. ಕಲಿಯುವವರು ಮೊದಲ ದಿನದಿಂದಲೇ ಮಂಡಿಗೆ ತಿನ್ನಬಹುದು, ಆದರೆ ಹರಿದದ್ದು ಅಂತ ಅವತ್ತು ಗೊತ್ತಾಯ್ತು.

ಕಡಾಯಿ ಯಾಕೆ ಬೋರಲು?

ಒಲೆ ಮೇಲೆ ದೊಡ್ಡ ಕಬ್ಬಿಣದ ಕಡಾಯಿ ಬೋರಲು ಹಾಕಿತ್ತು. ಕೆಳಗೆ ಬೆಂಕಿ, ಮೇಲೆ ಉಬ್ಬಿದ ಬೆನ್ನು. ಕೈ ಮೇಲಿದ್ದ ಹಾಳೆಯನ್ನ ಕಾಕು ಒಂದೇ ಸಲಕ್ಕೆ ಅದರ ಮೇಲೆ ಹೊದಿಸಿದರು, ದಿಂಬಿಗೆ ಕವರ್ ಹಾಕಿದ ಹಾಗೆ.

ಯಾಕೆ ಬೋರಲು ಅಂತ ಅಲ್ಲೇ ನಿಂತು ಯೋಚನೆ ಮಾಡಿದೆ. ಚಪ್ಪಟೆ ತವೆ ಮೇಲೆ ಇಷ್ಟು ತೆಳು ಹಾಳೆ ಹಾಕಿದರೆ ಸುಕ್ಕು ಬೀಳುತ್ತದೆ, ಬಿದ್ದ ಸುಕ್ಕನ್ನ ಬಿಡಿಸೋಕೆ ಆಗಲ್ಲ. ಉಬ್ಬಿದ ಬೆನ್ನಿನ ಮೇಲೆ ಅಂಚುಗಳು ಸುತ್ತಲೂ ಕೆಳಗೆ ಜೋತು ಬಿದ್ದು ಹಾಳೆಯನ್ನ ಎಲ್ಲ ಕಡೆ ಬಿಗಿಯಾಗಿ ಹಿಡಿಯುತ್ತವೆ. ಜೊತೆಗೆ ಬಿಸಿಗಾಳಿ ಕಡಾಯಿಯ ಗುಮ್ಮಟದೊಳಗೆ ಸಿಕ್ಕಿಕೊಳ್ಳುತ್ತದೆ, ಹೀಗಾಗಿ ಬರೀ ನಡು ಅಲ್ಲ, ಇಳಿಜಾರೂ ಕಾಯುತ್ತದೆ. ಹೊಸ ಟೂಲ್ ಬೇಕಾಗಲಿಲ್ಲ, ಇದ್ದ ಪಾತ್ರೆಯನ್ನೇ ತಿರುಗಿಸಿಟ್ಟರು. ಯಾರು ಮೊದಲು ತಿರುಗಿಸಿಟ್ಟರೋ ಅವರಿಗೆ ಡಿಸೈನ್ ಥಿಂಕಿಂಗ್ ಸರ್ಟಿಫಿಕೇಟ್ ಯಾರೂ ಕೊಟ್ಟಿರಲಿಕ್ಕಿಲ್ಲ.

ಕಂದು ಚುಕ್ಕೆ ಕಾಣಿಸಿದ ತಕ್ಷಣ ಬಿಸಿ ಇದ್ದಾಗಲೇ ಮಡಚಿದರು. ಎಡದಿಂದ ಒಂದು, ಬಲದಿಂದ ಒಂದು, ಮತ್ತೆ ಅಡ್ಡ. ಇಲ್ಲಿ ಒಂದು ಕ್ಷಣ ತಡ ಆದರೂ ಮಡಿಕೆ ಬರಲ್ಲ, ಮುರಿಯುತ್ತದೆ.

ಎರಡು ರುಚಿ

ಕಾಕು ನಮಗೆ ಎರಡು ತಟ್ಟೆ ಕೊಟ್ಟರು. ಒಂದರಲ್ಲಿ ಆಗಷ್ಟೇ ಇಳಿಸಿದ್ದು, ಇನ್ನೊಂದರಲ್ಲಿ ಬೆಳಗ್ಗೆ ಮಾಡಿಟ್ಟಿದ್ದು. ಬಿಸಿಯದು ಮೆತ್ತಗೆ, ತುಪ್ಪದ ವಾಸನೆಯ ತೆಳು ಹೋಳಿಗೆ ಥರ. ಆರಿದ್ದು ಬಾಯಲ್ಲಿಟ್ಟರೆ ಚರ್ ಅಂತ ಮುರಿದು, ಅಗಿಯೋ ಮೊದಲೇ ಕರಗಿ ಹೋಗುತ್ತದೆ. ಕಣಕ, ಹೂರಣ, ಬೆಂಕಿ ಎಲ್ಲ ಒಂದೇ. ಬದಲಾಗಿದ್ದು ತಾಪಮಾನ ಮಾತ್ರ.

ಇದಕ್ಕೆ ಉತ್ತರ ಗಾಜಿನಲ್ಲಿದೆ. ಕರಗಿದ ಸಕ್ಕರೆ ಬೇಗ ಆರಿದರೆ ಮತ್ತೆ ಹರಳಾಗೋಕೆ ಸಮಯ ಸಿಗಲ್ಲ, ಕಣಗಳು ಅಸ್ತವ್ಯಸ್ತವಾಗಿದ್ದ ಹಾಗೇ ಗಟ್ಟಿಯಾಗುತ್ತವೆ. ಕಿಟಕಿ ಗಾಜಿನ ಒಳರಚನೆಯೂ ಹೀಗೇ. ಇಂಥ ವಸ್ತುಗಳಿಗೆ ಗ್ಲಾಸ್ ಟ್ರಾನ್ಸಿಶನ್ ತಾಪಮಾನ ಅಂತ ಒಂದಿರುತ್ತದೆ. ಅದರ ಮೇಲೆ ಬಾಗುತ್ತದೆ, ಅದರ ಕೆಳಗೆ ಮುರಿಯುತ್ತದೆ. ನೀರಿನಂಶ ಇಲ್ಲದ ಸಕ್ಕರೆ ಗಾಜಿಗೆ ಇದು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್. ಒಣಗಿದ ಪಿಷ್ಟ, ಗ್ಲುಟನ್ ಕೂಡ ಹೀಗೇ ವರ್ತಿಸುತ್ತವೆ. ಕಾಕು ಅಷ್ಟು ಅವಸರದಲ್ಲಿ ಮಡಚಿದ್ದು ಇದಕ್ಕೇ.

ಈ ಗಾಜಿಗೆ ದೊಡ್ಡ ಶತ್ರು ನೀರು. ಗಾಳಿಯ ತೇವ ಹೀರಿಕೊಂಡರೆ ಆ ತಾಪಮಾನ ಕೆಳಗಿಳಿದು, ರೂಮಿನ ಬಿಸಿಯಲ್ಲೇ ಮಂಡಿಗೆ ಮೆತ್ತಗಾಗುತ್ತದೆ. ಹಾಸ್ಟೆಲ್‌ನಲ್ಲಿ ಬಿಸ್ಕೆಟ್ ಪ್ಯಾಕೆಟ್ ತೆರೆದಿಟ್ಟು ಮಲಗಿದವರಿಗೆ ಇದರ ಅನುಭವ ಇದ್ದೇ ಇದೆ.

ಹಿರೇಬೆಂಡಿಗೇರಿಗೆ

ಮದುವೆ ಮುಗಿಸಿ ನಾಲ್ಕು ಮಂಡಿಗೆ ಕಟ್ಟಿಸಿಕೊಂಡು ಹುಬ್ಬಳ್ಳಿ, ಶಿಗ್ಗಾಂವಿ ದಾರಿಯಲ್ಲಿ ಅಜ್ಜಿ ಊರಿಗೆ ಹೊರಟೆ. ಧಾರವಾಡ ದಾಟುವಾಗ ಮಳೆ. ಬಸ್ಸಿನಲ್ಲಿ ನಿಂತುಕೊಂಡೇ ಡಬ್ಬಿಯನ್ನ ಎದೆಗೆ ಅವುಚಿಕೊಂಡಿದ್ದೆ. ಊರು ಮುಟ್ಟಿ ತೆಗೆದು ನೋಡಿದರೆ ಮೂರು ಪುಡಿಪುಡಿ, ಒಂದು ಅರ್ಧ ಉಳಿದಿತ್ತು.

"ಅಜ್ಜಿ, ಇದ ನೋಡು, ನಿನ್ನ ಮಂಡಿಗಿ" ಅಂದೆ.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದಳು. ಮುಟ್ಟಿದಳು. "ಇದಾ?" ಅಂದಳು.

ನನಗೆ ಆಗ ಹೊಳೆಯಿತು. "ನೀ ಎಂದೂ ತಿಂದಿಲ್ಲೇನು?"

"ಎಲ್ಲಿಂದ ತಿನ್ನಲಿ? ದೊಡ್ಡವರ ಮನಿ ಮದುವ್ಯಾಗ ಮಾಡ್ತಾರ ಅಂತಿದ್ದರು. ನಮ್ಮವ್ವ ನನಗ ಅಂತಿದ್ದಳು, ನಾ ನಿಮ್ಮವ್ವಗ ಅಂದೆ, ಈಗ ನಿನಗ ಅಂತೀನಿ."

ಮೂರು ತಲೆಮಾರು ಈ ಮಾತು ಆಡಿದ ಮನೆಯಲ್ಲಿ ಒಬ್ಬರೂ ಮಂಡಿಗೆ ನೋಡಿರಲಿಲ್ಲ. ಗಾದೆ ನಮ್ಮ ಮನೆಗೆ ಬಂದಿತ್ತು, ತಿಂಡಿ ಬಂದಿರಲಿಲ್ಲ. ಅದೂ ಬೆಳಗಾವಿ ಇಲ್ಲಿಂದ ಒಂದು ದಿನದೊಳಗೆ ಹೋಗಿಬರುವಷ್ಟು ಹತ್ತಿರ.

ಪುಡಿಯಾದದ್ದಕ್ಕೆ ನಾನು ಬೇಜಾರು ಮಾಡಿಕೊಂಡಿದ್ದೆ. ಆದರೆ ಬಟ್ಟಲಿಗೆ ಹಾಕಿ ಬಿಸಿ ಹಾಲು ಸುರಿದು ತಿನ್ನೋದೂ ಒಂದು ಪದ್ಧತಿ ಅಂತ ಕಾಕು ಹೇಳಿದ್ದರು. ಹಾಗೇ ಮಾಡಿಕೊಟ್ಟೆ. ಅಜ್ಜಿಗೆ ಹಲ್ಲು ಕಡಿಮೆ, ಅದೇ ಚೆನ್ನಾಗಾಯ್ತು. ಎರಡು ಚಮಚ ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಿಂಗಿರತೈತಿ ಅಂತ ಗೊತ್ತಿದ್ದರ ನಿನಗ ಬೈತಿದ್ದಿಲ್ಲ" ಅಂದಳು.

ಬಟ್ಟಲು ಖಾಲಿ ಮಾಡಿ ಕೆಳಗಿಟ್ಟ ಮೇಲೆ ಮತ್ತೆ ಹೇಳಿದಳು: "ಆದರೂ ಮೊದಲ ಓದು."