ಎರಡೂವರೆ ಗಂಟೆ ಮುಂದಿದ್ದ ಕಳ್ಳ

ಹೊಸಪೇಟೆಯ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂದು ರಾತ್ರಿ ಸಂಪಿನ ಮೋಟರು ಕಳುವಾಯಿತು. ಗೇಟಿನ ಮೇಲೆ ಕ್ಯಾಮೆರಾ ಇತ್ತು, ಕಳ್ಳನೂ ಅದರಲ್ಲಿ ಬಿದ್ದಿದ್ದ. ಮುಖಕ್ಕೆ ಟವೆಲು ಸುತ್ತಿದ್ದರಿಂದ ಕಂಡದ್ದು ಬರೀ ಮೈಕಟ್ಟು. ಪರದೆಯ ಮೂಲೆಯ ಗಡಿಯಾರ ಬೆಳಗಿನ ಜಾವ 4.40 ಎನ್ನುತ್ತಿತ್ತು. ಅದು ಹಾಲು ಬರುವ ಹೊತ್ತು. ಮೈಕಟ್ಟೂ ಹೆಚ್ಚುಕಡಿಮೆ ಹೊಂದುತ್ತಿತ್ತು. ಎಲ್ಲರೂ ಹಾಲಿನ ಹುಡುಗನನ್ನೇ ಅನುಮಾನಿಸಿದರು.

ಎರಡು ದಿನದ ಮೇಲೆ ಯಾರೋ ಗಮನಿಸಿದರು: ಮಧ್ಯಾಹ್ನ ಹನ್ನೆರಡಕ್ಕೆ ಆ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಯಂತ್ರ ತಯಾರಾದ ಚೀನಾದ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅದನ್ನು ಯಾರೂ ಬದಲಾಯಿಸಿಯೇ ಇರಲಿಲ್ಲ. ಕಳವು ನಡೆದದ್ದು ರಾತ್ರಿ 2.10ಕ್ಕೆ. ಕ್ಯಾಮೆರಾ ಹಾಕಿದವನು ‘ಪಿಕ್ಚರ್ ಬರಾಕತ್ತೈತಲ್ರಿ, ಇನ್ನೇನ್ ಬೇಕು’ ಅಂದು ರೊಕ್ಕ ಎಣಿಸಿಕೊಂಡು ಹೋಗಿದ್ದ. ಮೋಟರು ಸಿಗಲಿಲ್ಲ. ಹಾಲಿನ ಹುಡುಗನ ಕ್ಷಮೆಯನ್ನು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಕಾವಲು ನಮ್ಮ ಸೀಮೆಗೆ ಹೊಸದಲ್ಲ. 1443ರಲ್ಲಿ, ಎರಡನೇ ದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಯ ಕಾವಲಿನ ಏರ್ಪಾಡನ್ನು ಬರೆದಿಟ್ಟಿದ್ದಾನೆ. ಟಂಕಸಾಲೆಯ ಎದುರಿಗೆ ನಗರಾಧಿಕಾರಿಯ ಕಚೇರಿ, ಅವನ ಕೈಕೆಳಗೆ 12,000 ಮಂದಿ. ಏಳು ಸುತ್ತಿನ ಕೋಟೆಯೊಳಗೆ ಏನು ನಡೆದರೂ ಇವರಿಗೆ ಗೊತ್ತಿರಬೇಕು. ಕಳುವಾದದ್ದನ್ನು ಹುಡುಕಿ ಕೊಡಬೇಕು, ಆಗದಿದ್ದರೆ ದಂಡ ತೆರಬೇಕು. ರಜಾಕನ ಸಂಗಾತಿಯೊಬ್ಬ ಕೊಂಡಿದ್ದ ಗುಲಾಮರು ಓಡಿಹೋದಾಗ ಆ ಕೇರಿಯ ಕಾವಲುಗಾರರು ಅವರ ಬೆಲೆಯನ್ನು ಕಟ್ಟಿಕೊಟ್ಟರಂತೆ. ಓಡಿಹೋದವರು ಸಿಗದೇ ಇದ್ದದ್ದು ಒಳ್ಳೆಯದೇ ಆಯಿತು ಎನ್ನಿಸುತ್ತದೆ, ಆ ಮಾತು ಬೇರೆ. ನನಗಿಲ್ಲಿ ಬೇಕಾದದ್ದು ಆ ದಂಡ. ನೋಡುವ ಕೆಲಸ ಹೊತ್ತವನು ನೋಡದೆ ಹೋದರೆ ಅವನ ಗಂಟಿಗೇ ಕೈ ಬೀಳುತ್ತಿತ್ತು. ಇಂದು ಆ ಕೆಲಸವನ್ನು ಅಂಗೈ ಅಗಲದ ಯಂತ್ರಕ್ಕೆ ಒಪ್ಪಿಸಿದ್ದೇವೆ. ಅದು ದಂಡ ತೆರುವುದಿಲ್ಲ.

ಈ ಯಂತ್ರದ ವಂಶಾವಳಿ ಚಿಕ್ಕದು. ಮೊದಮೊದಲು ಬ್ಯಾಂಕು, ಬಂಗಾರದಂಗಡಿಗಳಿಗೆ ಬಂದದ್ದು ಟಿ.ವಿ. ಕೇಬಲ್ಲಿನಂಥ ದಪ್ಪ ತಂತಿಯ ಕ್ಯಾಮೆರಾ. ಚಿತ್ರ ಆ ತಂತಿ ಮುಟ್ಟುವವರೆಗೆ ಮಾತ್ರ. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ನೇರವಾಗಿ ಕಂಪ್ಯೂಟರ್ ಜಾಲಕ್ಕೇ ಸಿಕ್ಕಿಸಬಹುದಾದ ‘ನೆಟ್‌ಐ 200’ ತಂದಿತು. ಪೂರ್ಣ ಗಾತ್ರದ ಒಂದು ಚಿತ್ರ ಕಳಿಸಲು ಅದಕ್ಕೆ 17 ಸೆಕೆಂಡು ಬೇಕಿತ್ತು. 2003ರಲ್ಲಿ ಬಂದ ಪಿಒಇ ಮಾನದಂಡದಿಂದ ಒಂದೇ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹರಿಯುವಂತಾಯಿತು. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಕಂಪನಿಗಳು ಸೇರಿ ‘ಆನ್‌ವಿಫ್’ ಎಂಬ ಒಕ್ಕೂಟ ಕಟ್ಟಿದ ಮೇಲೆ ಒಬ್ಬರ ಕ್ಯಾಮೆರಾ ಇನ್ನೊಬ್ಬರ ರೆಕಾರ್ಡರಿನ ಜೊತೆ ಮಾತಾಡತೊಡಗಿತು. ಅಲ್ಲಿಂದ ಬೆಲೆ ಇಳಿಯುತ್ತ ಇಳಿಯುತ್ತ ನಮ್ಮ ಬೀದಿಯ ಗೇಟಿಗೂ ಬಂತು.

17 ಸೆಕೆಂಡು ಎಂದೆನಲ್ಲ, ಹಂಪಿಯ ಕಂಬವೊಂದು ಉರುಳಲು ಅಷ್ಟು ಹೊತ್ತು ಬೇಕಿಲ್ಲ. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಆವರಣದಲ್ಲಿ ಹುಡುಗರು ಕಲ್ಲುಕಂಬವನ್ನು ತಳ್ಳಿ ಬೀಳಿಸುವ ವಿಡಿಯೊ 2019ರ ಫೆಬ್ರುವರಿಯಲ್ಲಿ ನಾಡೆಲ್ಲ ಹರಿದಾಡಿತು. ಅದು ಯಾವ ಕಾವಲಿನ ಕ್ಯಾಮೆರಾದ್ದೂ ಅಲ್ಲ, ಅವರದೇ ಗುಂಪಿನ ಮೊಬೈಲಿನದು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿದ್ದೂ ಆಯಿತು. ಸ್ಮಾರಕ ಕೆಡವಿದವರೇ ಸಾಕ್ಷ್ಯವನ್ನೂ ತಯಾರಿಸಿಕೊಟ್ಟ ಕಥೆ ಇದು. ಹಂಪಿಯಲ್ಲಿ ಕಾವಲುಗಾರರು ಹೆಚ್ಚಬೇಕು, ಎಲ್ಲೆಡೆ ಸಿಸಿ ಕ್ಯಾಮೆರಾ ಬೇಕು ಎಂಬ ಮಾತು ಜೋರಾದದ್ದು ಆಮೇಲೆ.

ಬೇಕು ಸರಿ, ಎಲ್ಲಿಗೆ? ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಹರವು 4,187 ಹೆಕ್ಟೇರು, ಉಳಿದಿರುವ ಕುರುಹುಗಳು 1,600ಕ್ಕೂ ಹೆಚ್ಚು. ಇಲ್ಲಿ ಲೆಕ್ಕ ತುಸು ಕಠಿಣವಾಗಿದೆ. ಅಪರಿಚಿತನ ಗುರುತು ಹಿಡಿಯಬೇಕಾದರೆ ಒಂದು ಮೀಟರಿಗೆ 250 ಚುಕ್ಕೆಗಳು ಬೇಕು ಎಂದಿತ್ತು 2014ರ ಅಂತರರಾಷ್ಟ್ರೀಯ ಮಾನದಂಡ. ಸಾಮಾನ್ಯ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ ಇರುವುದು 1,920 ಚುಕ್ಕೆ. ಅಂದರೆ ಏಳೂವರೆ ಮೀಟರ್ ಅಗಲ ದಾಟಿದರೆ ಮುಖ ಕೈತಪ್ಪಿತು. ಹದಿನೈದು ಮೀಟರಿಗೆ ಬಂದರೆ ಮೊದಲೇ ಬಲ್ಲವರನ್ನು ಮಾತ್ರ ಹೌದೆನ್ನಬಹುದು. ಎಪ್ಪತ್ತೈದಕ್ಕೆ ಹೋದರೆ ಏನೋ ಅಲುಗಾಡಿತು ಎಂದಷ್ಟೇ ಗೊತ್ತಾಗುತ್ತದೆ. ಕಲ್ಲಿನ ರಥದ ಅಂಗಳವನ್ನೆಲ್ಲ ಒಂದೇ ಚೌಕಟ್ಟಿಗೆ ತುಂಬಿದರೆ ಸಿಗುವುದು ಚೆಂದದ ಪೋಸ್ಟ್‌ಕಾರ್ಡು. ಸ್ಮಾರಕದ ಕಲ್ಲಿಗೆ ಮೊಳೆ ಹೊಡೆಯುವಂತೆಯೂ ಇಲ್ಲ. ಮಾಮೂಲಿ ನೆಟ್‌ವರ್ಕ್ ಕೇಬಲ್ಲು ನೂರು ಮೀಟರಿಗೆ ಸುಸ್ತಾಗುತ್ತದೆ, ಆಚೆಗೆ ಫೈಬರ್ ಎಳೆಯಬೇಕು. ಇನ್ನು ಕೋತಿಗಳಿಗೆ ಜೋಲುವ ತಂತಿ ಎಂದರೆ ಉಯ್ಯಾಲೆ, ಅವುಗಳ ಊರಿನಲ್ಲಿ ಅವುಗಳನ್ನು ಕೇಳುವವರು ಯಾರು! ಅಷ್ಟು ಬಯಲಿಗೆ ಕಾಲಲ್ಲಿ ತಿರುಗುವ ಕಾವಲುಗಾರನೇ ಸರಿ ಎಂದು ನನ್ನ ಲೆಕ್ಕ.

ಗಣಿನಾಡು ಸಂಡೂರಿನ ಕಥೆ ಬೇರೆ. ಅಲ್ಲಿ ಹಿಡಿಯಬೇಕಾದದ್ದು ಮುಖವಲ್ಲ, ಲಾರಿಯ ನಂಬರು ಮತ್ತು ಹೇರು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಆ ಹಗರಣವನ್ನು ಬಯಲಿಗೆಳೆದದ್ದು ಕ್ಯಾಮೆರಾದಿಂದ ಅಲ್ಲ, ಕಾಗದಗಳನ್ನು ಒಂದಕ್ಕೊಂದು ತಾಳೆ ಹಾಕಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅಕ್ರಮ ತೀರಾ ಹೆಚ್ಚಿದ್ದ ‘ಸಿ’ ವರ್ಗದ ಗಣಿ ಗುತ್ತಿಗೆಗಳು ರದ್ದಾದವು. ಈಗ ಲಾರಿ ತೂಗುವ ವೇಬ್ರಿಡ್ಜಿಗೆ ಕ್ಯಾಮೆರಾ ನೆಡುವವರಿಗೆ ಗೊತ್ತಿರಬೇಕಾದದ್ದು ಇಷ್ಟು: ನಂಬರ್ ಪ್ಲೇಟಿಗೆ ಒಂದು, ಹೇರು ನೋಡಲು ಮೇಲಿನಿಂದ ಇನ್ನೊಂದು. ಪ್ಲೇಟಿನದಕ್ಕೆ ಶಟರ್ ವೇಗ ಹೆಚ್ಚಿಸದಿದ್ದರೆ ರಾತ್ರಿ ಹೆಡ್‌ಲೈಟಿನಲ್ಲಿ ಬರೀ ಬಿಳಿ ಮಚ್ಚೆ ಸಿಗುತ್ತದೆ. ಎಲ್ಲಕ್ಕಿಂತ ಮೊದಲು ಒಂದು ಒದ್ದೆ ಬಟ್ಟೆ. ಅದಿರಿನ ಕೆಂಪು ಧೂಳು ಗಾಜಿನ ಮೇಲೆ ಕೂತರೆ ಎಷ್ಟು ಮೆಗಾಪಿಕ್ಸೆಲ್ ಇದ್ದರೇನು?

ಕಂಪ್ಲಿಯ ಕಡೆಗೆ ಹೋದರೆ ಧೂಳಿನ ಬದಲು ಹುಳ. ಗದ್ದೆಯಂಚಿನ ಮನೆಗಳಲ್ಲಿ ರಾತ್ರಿ ಹೊತ್ತು ಕ್ಯಾಮೆರಾದೊಳಗಿನ ದೀಪಕ್ಕೆ ಹುಳ ಮುತ್ತುತ್ತದೆ, ಹುಳಕ್ಕೆ ಜೇಡ ಬಲೆ ಕಟ್ಟುತ್ತದೆ. ಬಲೆ ಅಲುಗಿದಾಗಲೆಲ್ಲ ಮೊಬೈಲು ‘ಯಾರೋ ಬಂದರು’ ಎಂದು ಕೂಗುತ್ತದೆ. ಮೂರನೇ ದಿನ ಯಜಮಾನರು ಆ ಕೂಗನ್ನೇ ಬಂದ್ ಮಾಡಿ ಮಲಗುತ್ತಾರೆ. ಕ್ಯಾಮೆರಾದೊಳಗಿನ ದೀಪ ಆರಿಸಿ, ನಾಲ್ಕಾರು ಅಡಿ ದೂರದಲ್ಲಿ ಬೇರೆ ದೀಪ ಹಾಕಿದರೆ ಹುಳ ಅತ್ತ ಹೋಗುತ್ತದೆ. ಚಲನೆ ಗಮನಿಸುವ ಜಾಗವನ್ನು ಗೇಟಿನಷ್ಟಕ್ಕೇ ಗೆರೆ ಹಾಕಿ ಸೀಮಿತಗೊಳಿಸುವುದು ಐದು ನಿಮಿಷದ ಕೆಲಸ.

ಇದಕ್ಕಿಂತ ದೊಡ್ಡ ಅಪಾಯ ಪಾಸ್‌ವರ್ಡ್. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲೋಕದ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳ ಒಳಹೊಕ್ಕಿತು. ಅದರ ಬತ್ತಳಿಕೆಯಲ್ಲಿದ್ದದ್ದು ಕಾರ್ಖಾನೆಯಿಂದಲೇ ಬರುವ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳು, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಯಂತ್ರಗಳನ್ನೇ ಬಳಸಿ ನಡೆಸಿದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ತಾಸುಗಟ್ಟಲೆ ತಡವರಿಸಿದವು. ನಮ್ಮ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವೆಂದು ಹೇಳಿ, ಒಂದು ವರ್ಷದ ಬಳಿಕ ಜಾರಿಗೆ ತಂದಿತು. ಆದರೆ ಪರೀಕ್ಷೆ ಪಾಸಾದ ಕ್ಯಾಮೆರಾಕ್ಕೂ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗುವವರನ್ನು ಕಾನೂನು ಹೇಗೆ ತಡೆದೀತು? ಕ್ಯಾಮೆರಾ ಹಾಕುವವರ ಎದುರಿಗಲ್ಲ, ಅವರು ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಬೇಕು.

ಹಾರ್ಡ್ ಡಿಸ್ಕಿನ ಲೆಕ್ಕವನ್ನು ಅಂಗಡಿಯವರು ಹೇಳುವುದೇ ಇಲ್ಲ. ಸೆಕೆಂಡಿಗೆ ಎರಡು ಮೆಗಾಬಿಟ್ ಬರೆಯುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ನುಂಗುತ್ತದೆ. ಒಂದು ಟಿಬಿ ಡಿಸ್ಕಿಗೆ ನಾಲ್ಕು ಕ್ಯಾಮೆರಾ ಜೋಡಿಸಿದರೆ ಹನ್ನೊಂದು-ಹನ್ನೆರಡು ದಿನ, ಆಮೇಲೆ ಹಳೆಯದರ ಮೇಲೆ ಹೊಸದು. ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೋ, ಒಮ್ಮೆಗೆ ನೂರು ಅಥವಾ ದಿನಕ್ಕೆ ಐನೂರು ಜನ ಸೇರುವ ಜಾಗಗಳು ಮೂವತ್ತು ದಿನದ ಚಿತ್ರ ಇಟ್ಟುಕೊಂಡಿರಬೇಕು ಎನ್ನುತ್ತದೆ. ಹೋಟೆಲು, ಕಲ್ಯಾಣ ಮಂಟಪದವರು ತಮ್ಮ ಡಿಸ್ಕು ಎಷ್ಟು ದಿನದ್ದೆಂದು ಒಮ್ಮೆ ಹಿಂದಕ್ಕೆ ಓಡಿಸಿ ನೋಡಿಕೊಳ್ಳಲಿ.

ಮತ್ತೆ ಗಡಿಯಾರಕ್ಕೆ ಬರುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಚಿತ್ರವನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಕಡತ ತಿದ್ದಿಲ್ಲವೆಂದು ತೋರಿಸುವ ‘ಹ್ಯಾಶ್’ ಸಂಖ್ಯೆ ಅದರಲ್ಲಿರಬೇಕು, ತಜ್ಞರ ಸಹಿಯೂ ಇರಬೇಕು. ಅಷ್ಟೆಲ್ಲ ಮಾಡಿದ ಮೇಲೂ ಹ್ಯಾಶ್ ಹೇಳುವುದು ಚಿತ್ರ ಬದಲಾಗಿಲ್ಲ ಎಂದಷ್ಟೇ. ಗಡಿಯಾರ ಸುಳ್ಳು ಹೇಳಿದ್ದರೆ ಆ ಸುಳ್ಳೂ ಬದಲಾಗದೆ ಭದ್ರವಾಗಿರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಝೋನ್’ ಎಂದಿರುತ್ತದೆ, ಅಲ್ಲಿ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತದ ಸಮಯ ಆರಿಸಿ. ಕೆಳಗಿರುವ ‘ಎನ್‌ಟಿಪಿ’ಯನ್ನು ಆನ್ ಮಾಡಿದರೆ ಕರೆಂಟು ಹೋಗಿಬಂದರೂ ಯಂತ್ರ ತಾನೇ ಇಂಟರ್‌ನೆಟ್ಟಿನಿಂದ ಸಮಯ ಕೇಳಿಕೊಳ್ಳುತ್ತದೆ. ಮನೆಯಲ್ಲಿರುವ ಒಂದು ಭಾನುವಾರ ಚಹಾ ಮುಗಿಸಿ, ಪರದೆಯ ಮೂಲೆಯ ಗಡಿಯಾರವನ್ನೂ ಗೋಡೆಯ ಗಡಿಯಾರವನ್ನೂ ಒಮ್ಮೆ ಹೋಲಿಸಿ ನೋಡಿ.